ಮುಟ್ಟಿನ ನೋವು: ಕಷಾಯಕ್ಕೂ ಹೊತ್ತಿದೆ, ಅಳತೆಯಿದೆ

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಕೊರಟಗೆರೆ ತಾಲ್ಲೂಕಿನ ನಮ್ಮ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಮೈನೆರೆದು ನಾಲ್ಕು ವರ್ಷವಾಯಿತು. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಮುಟ್ಟಾದ ಮೊದಲೆರಡು ದಿನ ಕಿಬ್ಬೊಟ್ಟೆಯಿಂದ ಸೊಂಟ, ತೊಡೆಯವರೆಗೂ ನೋವು, ಜೊತೆಗೆ ವಾಂತಿ, ಭೇದಿ. ಕಾಲೇಜು ತಪ್ಪುತ್ತದೆ. ನಮ್ಮ ಅತ್ತೆಯವರು ಶುಂಠಿ, ಜೀರಿಗೆ, ಬೆಲ್ಲದ ಕಷಾಯ ಮಾಡಿಕೊಡುತ್ತಾರೆ. ಒಂದು ತಿಂಗಳು ಗುಣ ಕಾಣುತ್ತದೆ, ಇನ್ನೊಂದು ತಿಂಗಳು ಇಲ್ಲ. ಆ ಮೂರು ದಿನ ಅವಳು ಅಡುಗೆಮನೆಗೆ ಬರುವುದಿಲ್ಲ, ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಮಾತ್ರೆ ನುಂಗಿದರೆ ಗರ್ಭಕೋಶ ಒಣಗಿ ಮುಂದೆ ಮಕ್ಕಳಾಗುವುದಿಲ್ಲ ಎಂದು ಮನೆಯಲ್ಲಿ ಬಿಡುವುದಿಲ್ಲ. ಈಗ ಪಕ್ಕದ ಮನೆಯವರು ಸಿದ್ಧರಬೆಟ್ಟದ ಬೇರಿನ ಪುಡಿ ಎಂದು ಒಂದು ಪೊಟ್ಟಣ ತಂದುಕೊಟ್ಟಿದ್ದಾರೆ. ಮುಟ್ಟಿನ ಎಲ್ಲ ತೊಂದರೆಗೂ ಅದೊಂದೇ ಸಾಕಂತೆ. ಕೊಡಬಹುದೇ? ಗಿಡಮೂಲಿಕೆಯಲ್ಲಿ ಈ ನೋವಿಗೆ ಪರಿಹಾರ ಇದೆಯೇ?
ಒಬ್ಬ ತಾಯಿ, ಕೊರಟಗೆರೆ ತಾಲ್ಲೂಕು

ಉತ್ತರ: ಪೊಟ್ಟಣದ ಪುಡಿಯನ್ನು ಕೊಡಬೇಡಿ. ಅತ್ತೆಯವರ ಕಷಾಯವನ್ನು ಬಿಡಬೇಡಿ, ಆದರೆ ಅದನ್ನು ಕೊಡುವ ಹೊತ್ತನ್ನೂ ಅಳತೆಯನ್ನೂ ಬದಲಿಸಿ. ಅಷ್ಟಾದರೂ ಮಗಳು ಕಾಲೇಜಿಗೆ ಹೋಗುವಂತಾಗದಿದ್ದರೆ ಮಾತ್ರೆಗೆ ಹೆದರಬೇಡಿ. ಮುಂದಿನ ಮುಟ್ಟಿಗೆ ಹೆಚ್ಚು ದಿನ ಉಳಿದಿಲ್ಲದಿರಬಹುದು ಎಂಬ ಕಾರಣಕ್ಕೆ ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಏಕೆ ಎಂಬುದನ್ನು ಈಗ ವಿವರವಾಗಿ ಹೇಳುತ್ತೇನೆ.

ನಾನು ಆಯುರ್ವೇದ ಓದಿ, ತುಮಕೂರಿನಲ್ಲಿ ಅದನ್ನೇ ವೃತ್ತಿಯಾಗಿ ನಡೆಸುತ್ತಿರುವವಳು. ಮೂಲಿಕೆಗಳ ಶಕ್ತಿಯ ಮೇಲೆ ನನಗೆ ನಂಬಿಕೆಯಿದೆ. ಶಕ್ತಿಯಿದೆ ಎಂದಮೇಲೆ ಯಾವುದು ಯಾವ ಕೆಲಸ ಮಾಡುತ್ತದೆ ಎಂದು ವಿಚಾರಿಸಿಯೇ ಕೊಡಬೇಕು. ಹಾಗೆ ವಿಚಾರಿಸದೆ ಹೆಣ್ಣುಮಕ್ಕಳಿಗೆ ಬೇರು, ತೊಗಟೆ ನುಂಗಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ನೋವು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರ ಕಳಚಲು ಶುರುವಾದಾಗ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಉತ್ಪತ್ತಿಯಾಗುತ್ತವೆ. ಅವು ಗರ್ಭಕೋಶದ ಸ್ನಾಯುವನ್ನು ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತವೆ. ಹಿಂಡಿದಷ್ಟು ಹೊತ್ತು ಆ ಸ್ನಾಯುವಿಗೆ ರಕ್ತದ ಹರಿವು ಕಡಿಮೆಯಾಗಿ ನೋವು ಏಳುತ್ತದೆ. ಅದೇ ರಾಸಾಯನಿಕಗಳು ರಕ್ತಕ್ಕೆ ಸೇರಿ ಕರುಳನ್ನೂ ಕೆರಳಿಸುವುದರಿಂದ ವಾಂತಿ, ಭೇದಿ, ತಲೆನೋವು ಜೊತೆಗೂಡುತ್ತವೆ. ನಿಮ್ಮ ಮಗಳ ಭೇದಿ ತಿಂದದ್ದು ಒಗ್ಗದೆ ಬಂದದ್ದಲ್ಲ, ಅದೂ ಈ ನೋವಿನ ಭಾಗವೇ. ಮೊದಲ ವರ್ಷ ನೋವಿರಲಿಲ್ಲ ಎಂದು ಬರೆದಿದ್ದೀರಿ. ಅದೂ ಲೆಕ್ಕಕ್ಕೆ ಸರಿಹೊಂದುತ್ತದೆ. ಮೈನೆರೆದ ಹೊಸತರಲ್ಲಿ ಅಂಡ ಬಿಡುಗಡೆ ಕ್ರಮಕ್ಕೆ ಬಂದಿರುವುದಿಲ್ಲ. ಅದು ಕ್ರಮಕ್ಕೆ ಬಂದ ಮೇಲೆಯೇ ಇಂಥ ನೋವು ಶುರುವಾಗುತ್ತದೆ. ಮುಟ್ಟಿನ ಜೊತೆಗೇ ಬಂದು ಎರಡು ಮೂರು ದಿನಗಳಲ್ಲಿ ಹೋಗುವ, ಹದಿಹರೆಯದಲ್ಲಿ ಶುರುವಾದ ಈ ಬಗೆಯ ನೋವಿನ ಹಿಂದೆ ಸಾಮಾನ್ಯವಾಗಿ ಬೇರೆ ರೋಗ ಇರುವುದಿಲ್ಲ. ರೋಗವಿಲ್ಲ ಎಂದಮಾತ್ರಕ್ಕೆ ನೋವು ಸಣ್ಣದು ಎಂದಲ್ಲ.

ನಮ್ಮ ಹಳೆಯ ವೈದ್ಯರು ಇದನ್ನು ಬಲ್ಲವರಾಗಿದ್ದರು. ಚರಕ ಸಂಹಿತೆ ಎಣಿಸುವ 20 ಯೋನಿವ್ಯಾಪತ್ತುಗಳಲ್ಲಿ, ಅಂದರೆ ಹೆಂಗಸರ ಜನನಾಂಗದ ತೊಂದರೆಗಳಲ್ಲಿ, ಉದಾವರ್ತಿನೀ ಎಂಬುದೊಂದಿದೆ. ಕೆಳಮುಖವಾಗಿ ಹರಿಯಬೇಕಾದ ವಾತ ಮೇಲ್ಮುಖವಾಗಿ ತಿರುಗಿ ನೋವು ಹುಟ್ಟುತ್ತದೆ, ರಜಸ್ಸು (ಮುಟ್ಟಿನ ಸ್ರಾವ) ಹೊರಬಿದ್ದ ಕೂಡಲೇ ಹಾಯೆನಿಸುತ್ತದೆ ಎಂಬುದು ಅಲ್ಲಿಯ ವಿವರಣೆ. ಅದಕ್ಕೆ ಹೇಳಿರುವ ಚಿಕಿತ್ಸೆಯ ತಿರುಳು ಎಣ್ಣೆ, ಶಾಖ ಮತ್ತು ವಾತ ಇಳಿಸುವ ಮದ್ದು.

ಈಗ ಶುಂಠಿಗೆ ಬರುತ್ತೇನೆ. ಅಡುಗೆಮನೆಯ ಮದ್ದುಗಳಲ್ಲಿ ಮುಟ್ಟಿನ ನೋವಿಗೆ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಇದೇ. ಅದರಲ್ಲಿರುವ ಘಾಟಿನ ಅಂಶಗಳು ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯನ್ನು ತಗ್ಗಿಸುತ್ತವೆ. ನೋವಿನ ಮಾತ್ರೆಗಳು ಮಾಡುವುದೂ ಇದನ್ನೇ, ಇನ್ನಷ್ಟು ಬಲವಾಗಿ. 2009ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನದಲ್ಲಿ 150 ವಿದ್ಯಾರ್ಥಿನಿಯರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಶುಂಠಿ ಪುಡಿಯನ್ನು, ಉಳಿದೆರಡಕ್ಕೆ ಮೆಫೆನಮಿಕ್ ಆಮ್ಲ ಮತ್ತು ಐಬುಪ್ರೊಫೇನ್ ಮಾತ್ರೆಗಳನ್ನು ಮುಟ್ಟಿನ ಮೊದಲ ಮೂರು ದಿನ ಕೊಟ್ಟು ನೋಡಿದರು. ಮೂರೂ ಗುಂಪುಗಳಲ್ಲಿ ನೋವು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಯಿತು. ಸಣ್ಣ ಅಧ್ಯಯನ, ನಿಜ. ಆದರೆ ಆಮೇಲೆ ನಡೆದ ಹಲವು ಪರೀಕ್ಷೆಗಳೂ ಶುಂಠಿಯ ಪರವಾಗಿಯೇ ಬಂದಿವೆ. ಅವುಗಳಲ್ಲಿ ಬಳಸಿದ್ದು ದಿನಕ್ಕೆ ಸುಮಾರು 1ರಿಂದ 2 ಗ್ರಾಂ ಒಣಶುಂಠಿ ಪುಡಿ, ಪ್ರತಿ ತಿಂಗಳೂ ಅದೇ ಅಳತೆ, ನೋವು ಏರುವ ಮೊದಲೇ ಆರಂಭ.

ನಿಮ್ಮ ಮನೆಯ ಕಷಾಯ ಒಂದು ತಿಂಗಳು ಹಿಡಿದು ಇನ್ನೊಂದು ತಿಂಗಳು ಕೈಕೊಡುವುದಕ್ಕೆ ಕಾರಣ ಇಲ್ಲೇ ಇರಬಹುದು. ಮಗಳು ಅಡುಗೆಮನೆಗೆ ಬರುವುದಿಲ್ಲ ಎಂದಿರಿ. ಅಂದರೆ ಅವಳಿಗೆ ನೋವು ಶುರುವಾಗಿ, ಅವಳು ಬಾಯಿಬಿಟ್ಟು ಹೇಳಿ, ಮನೆಯಲ್ಲಿ ಯಾರಿಗಾದರೂ ಬಿಡುವಾಗಿ, ಒಲೆಯ ಮೇಲೆ ನೀರಿಟ್ಟು, ಕಷಾಯ ಲೋಟಕ್ಕೆ ಬೀಳುವಷ್ಟರಲ್ಲಿ ಒಂದೆರಡು ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಪ್ರೊಸ್ಟಾಗ್ಲಾಂಡಿನ್ ತನ್ನ ಕೆಲಸ ಶುರುಮಾಡಿಬಿಟ್ಟಿರುತ್ತದೆ. ವಾಂತಿ ಶುರುವಾದ ಮೇಲಂತೂ ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಮದ್ದು ಸರಿಯಾಗಿದ್ದರೂ ಹೊತ್ತು ಮೀರಿದರೆ ಫಲ ಸಿಗುವುದಿಲ್ಲ.

ಹೀಗೆ ಮಾಡಿ. ಗ್ರಂಥಿಗೆ ಅಂಗಡಿಯಿಂದ ಒಣಶುಂಠಿಯನ್ನು ಇಡಿಯಾಗಿ ತನ್ನಿ, ಪುಡಿ ಕೊಳ್ಳಬೇಡಿ. ಮುರಿದರೆ ಒಳಗೆ ನಾರು ಕಾಣಬೇಕು, ಘಾಟು ಮೂಗಿಗೆ ಬಡಿಯಬೇಕು, ಬೂಷ್ಟಾಗಲಿ ಹುಳುವಿನ ತೂತಾಗಲಿ ಇರಬಾರದು. ಬೆಳ್ಳಗೆ ಕಾಣಲೆಂದು ಸುಣ್ಣ ಹಚ್ಚಿದ ಶುಂಠಿಯೂ ಬರುತ್ತದೆ. ಅಂಥದ್ದಾದರೆ ಮೇಲಿನ ಸಿಪ್ಪೆಯನ್ನು ಕೆರೆದು ತೆಗೆಯಿರಿ. ಕುಟ್ಟಿ, ಜರಡಿ ಹಿಡಿದು ಗಾಜಿನ ಸೀಸೆಯಲ್ಲಿ ತುಂಬಿಡಿ. ಒಂದು ಟೀ ಚಮಚ ತಲೆಸಮ ಪುಡಿ ಸುಮಾರು 2 ಗ್ರಾಂ ತೂಗುತ್ತದೆ. ಅದನ್ನು ನಾಲ್ಕು ಪಾಲು ಮಾಡಿ ಕಾಗದದ ಪೊಟ್ಟಣ ಕಟ್ಟಿ ಮಗಳ ಕೈಗೇ ಕೊಡಿ. ಒಂದೆರಡು ಪೊಟ್ಟಣ ಕಾಲೇಜಿನ ಬ್ಯಾಗಿನಲ್ಲೂ ಇರಲಿ. ಮುಟ್ಟು ಕ್ರಮವಾಗಿ ಬರುತ್ತಿದ್ದರೆ ಹಿಂದಿನ ದಿನದಿಂದಲೇ, ಇಲ್ಲವಾದರೆ ಕಿಬ್ಬೊಟ್ಟೆ ಭಾರವೆನಿಸಿದ ಕೂಡಲೇ ಶುರು ಮಾಡಿ, ಮೂರು ದಿನ ದಿನಕ್ಕೆ ನಾಲ್ಕು ಬಾರಿ ಬಿಸಿನೀರಿಗೆ ಕದಡಿ, ಬೇಕಿದ್ದರೆ ಬೆಲ್ಲ ಸೇರಿಸಿ ಕುಡಿಯಲಿ. ಬರಿಹೊಟ್ಟೆಯಲ್ಲಿ ಬೇಡ, ಎದೆಯುರಿ ಬರುತ್ತದೆ. ಅತ್ತೆಯವರಿಗೆ ಕಷಾಯವೇ ಸಮಾಧಾನ ಎಂದಾದರೆ ಸುಮಾರು 10 ಗ್ರಾಂ ಹಸಿಶುಂಠಿಯನ್ನು ಜಜ್ಜಿ ಕುದಿಸಿ ದಿನವಿಡೀ ಹಂಚಿ ಕೊಡಲಿ. ಕೈಯಳತೆ ಬೇಡ, ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿಕೊಳ್ಳಿ. ಈ ಕೆಲಸ ಅತ್ತೆಯವರ ಕೈಯಿಂದಲೇ ನಡೆಯಲಿ ಎಂಬುದು ನನ್ನ ಆಸೆ. ಮೊಮ್ಮಗಳ ನೋವಿಗೆ ಮರುಗಿ ಒಲೆಯ ಮುಂದೆ ನಿಂತವರು ಅವರೇ.

ಮೆಂತ್ಯಕ್ಕೂ ಅಷ್ಟಿಷ್ಟು ಆಧಾರವಿದೆ. ಒಂದು ಅಧ್ಯಯನದಲ್ಲಿ ಮುಟ್ಟಿನ ಮೊದಲ ಮೂರು ದಿನ, ದಿನಕ್ಕೆ ಮೂರು ಬಾರಿ, ಪ್ರತಿ ಸಲ 900 ಮಿಲಿಗ್ರಾಂ ಮೆಂತ್ಯದ ಪುಡಿ ಕೊಟ್ಟಾಗ ನೋವು ಇಳಿದದ್ದು ಕಂಡುಬಂದಿತು. ಅಂದಾಜಿಗೆ ಕಾಲು ಟೀ ಚಮಚಕ್ಕಿಂತ ತುಸು ಹೆಚ್ಚು. ಮಜ್ಜಿಗೆಯಲ್ಲಿ ಕದಡಿ ಕುಡಿದರೆ ಕಹಿ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಇದನ್ನು ಮದ್ದಿನ ಪ್ರಮಾಣದಲ್ಲಿ ತಾವಾಗಿಯೇ ಸೇವಿಸಬಾರದು. ಸೋಂಪಿನ ಕಾಳಿನ ಮೇಲೂ ಪರೀಕ್ಷೆಗಳು ನಡೆದಿವೆ, ಫಲಿತಾಂಶ ಒಂದೇ ತೆರನಾಗಿಲ್ಲ. ಓಮ, ಇಂಗು, ಜೀರಿಗೆ ಹೊಟ್ಟೆಯುಬ್ಬರವನ್ನು ಇಳಿಸುತ್ತವೆ, ಆ ಮಟ್ಟಿಗೆ ಹಾಯೆನಿಸುತ್ತದೆ. ಭೇದಿಯಾಗುವ ಹುಡುಗಿಗೆ ಹರಳೆಣ್ಣೆ ಕುಡಿಸುವುದು ಮಾತ್ರ ಬೇಡವೇ ಬೇಡ. ಅದನ್ನು ಹೊಟ್ಟೆಯ ಮೇಲೆ ಸವರಿ.

ಸವರಿ ಶಾಖ ಕೊಡಿ. ಶಾಖವನ್ನು ಅಜ್ಜಿ ಮದ್ದೆಂದು ತಳ್ಳಿಹಾಕುವವರಿದ್ದಾರೆ, ನನಗೆ ಅದು ಅರ್ಥವಾಗುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಹೊಟ್ಟೆಯ ಮೇಲೆ ದಿನಕ್ಕೆ 12 ಗಂಟೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖ ಉಳಿಸಿದಾಗ ಐಬುಪ್ರೊಫೇನ್ ಮಾತ್ರೆಗೆ ಸಮನಾದ ಗುಣ ಕಂಡಿತ್ತು. ಸುಡುವಷ್ಟು ಬಿಸಿ ಬೇಕಿಲ್ಲ, ಹಿತವಾದ ಬಿಸಿ ಹೆಚ್ಚು ಹೊತ್ತು ಇರಬೇಕು. ಬಿಸಿನೀರಿನ ಚೀಲ, ಹುರಿದ ಉಪ್ಪಿನ ಗಂಟು, ಬಾಡಿಸಿದ ಲಕ್ಕಿ ಸೊಪ್ಪಿನ ಗಂಟು, ಯಾವುದಾದರೂ ಆದೀತು. ಚರ್ಮಕ್ಕೆ ನೇರವಾಗಿ ತಾಗದಂತೆ ನಡುವೆ ಬಟ್ಟೆ ಇರಲಿ.

ಹಾಗಿದ್ದಮೇಲೆ ಆ ಚಾಪೆಯ ಬಗ್ಗೆ ಹೇಳಲೇಬೇಕು. ಮಾಗಿಯ ಚಳಿಯಲ್ಲಿ ತಣ್ಣನೆಯ ನೆಲದ ಮೇಲೆ ಮಲಗಿದ ಹುಡುಗಿಗೆ ಹೊಟ್ಟೆಯ ಮೇಲಿನ ಶಾಖ ಎಷ್ಟು ಹೊತ್ತು ನಿಂತೀತು? ನಮ್ಮ ಜಿಲ್ಲೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ತುಮಕೂರಿನ ಹತ್ತಿರದ ಒಂದು ಗೊಲ್ಲರಹಟ್ಟಿಯಲ್ಲಿ 2023ರ ಜುಲೈನಲ್ಲಿ ಹೀಗೆ ಹೊರಗಿರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ನಿಮ್ಮ ಮನೆಯ ಚಾಪೆ ಅಷ್ಟು ದೂರದ್ದಲ್ಲ, ಬಲ್ಲೆ. ಮನೆಯವರ ನಂಬಿಕೆಯೊಂದಿಗೆ ಜಗಳ ಕಾಯಿರಿ ಎಂದು ನಾನು ಹೇಳುವುದಿಲ್ಲ. ಹಾಸಿಗೆ, ಹೊದಿಕೆ, ಬಿಸಿನೀರಿನ ಫ್ಲಾಸ್ಕು, ಔಷಧದ ಸೀಸೆ, ಇಷ್ಟಂತೂ ಅವಳ ಕೈಗೆ ಎಟುಕುವಂತಿರಲಿ. ವೈದ್ಯಳಾಗಿ ಇದರಲ್ಲಿ ರಾಜಿಗೆ ನಾನು ಒಪ್ಪುವುದಿಲ್ಲ.

ಇನ್ನು ಬೆಟ್ಟದ ಬೇರು. ಮುಟ್ಟಿನ ಎಲ್ಲ ತೊಂದರೆಗೂ ಒಂದೇ ಮದ್ದು ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನಿಸಿ. ನಮ್ಮ ನಾಟಿ ಪದ್ಧತಿಯಲ್ಲೂ ಶಾಸ್ತ್ರದಲ್ಲೂ ಮುಟ್ಟಿಗೆ ಸಂಬಂಧಿಸಿದ ಮದ್ದುಗಳು ಮೂರು ಬಗೆಯ ಕೆಲಸಕ್ಕೆ ಇವೆ: ನಿಂತ ಮುಟ್ಟನ್ನು ತರಿಸುವುದು, ಹೆಚ್ಚಾದ ಸ್ರಾವವನ್ನು ತಡೆಯುವುದು, ನೋವನ್ನು ಇಳಿಸುವುದು. ಮುಟ್ಟು ತರಿಸಲೆಂದು ಕೊಡುವ ಬೇರುಗಳಲ್ಲಿ ಹಲವು ಗರ್ಭಕೋಶವನ್ನು ಕೆರಳಿಸಿ ಹಿಂಡಿಸುತ್ತವೆ. ಆಗಲೇ ಹಿಂಡಿಕೊಂಡು ನೋಯುತ್ತಿರುವ ಹುಡುಗಿಗೆ ಅದನ್ನು ಕೊಟ್ಟರೆ ನೋವಿಗೆ ನೋವು ಸೇರಿಸಿದಂತೆ. ಚಿತ್ರಮೂಲದ ಬೇರು ಇಂಥದ್ದು, ಗರ್ಭ ಇಳಿಸಲು ಬಳಸುತ್ತಿದ್ದದ್ದು. ಶಾಸ್ತ್ರದಲ್ಲಿ ಅದನ್ನು ಶುದ್ಧಿ ಮಾಡದೆ ಮುಟ್ಟುವುದಿಲ್ಲ. ಎಕ್ಕದ ಹಾಲು, ಗುಲಗಂಜಿ ಕಾಳು ನೇರವಾಗಿ ವಿಷ. ನಿಮ್ಮ ಪೊಟ್ಟಣದಲ್ಲಿ ಇವೇ ಇವೆ ಎಂದು ನಾನು ಹೇಳುತ್ತಿಲ್ಲ. ಪುಡಿಯಾದ ಬೇರನ್ನು ಕಣ್ಣಿನಿಂದ ನೋಡಿ ಗುರುತಿಸಲು ನನಗೂ ಆಗುವುದಿಲ್ಲ, ಮಾರಿದವನಿಗೂ ಆಗುವುದಿಲ್ಲ. ಸಿದ್ಧರಬೆಟ್ಟದಲ್ಲಿ ಒಳ್ಳೆಯ ಮೂಲಿಕೆಗಳಿವೆ, ಅವುಗಳನ್ನು ಬಲ್ಲ ಹಿರಿಯರೂ ಈ ಸೀಮೆಯಲ್ಲಿದ್ದಾರೆ. ಬಲ್ಲವರು ಗಿಡ ಯಾವುದೆಂದು ಹೆಸರು ಹೇಳುತ್ತಾರೆ, ರೋಗಿಯನ್ನು ನೋಡದೆ ಕೊಡುವುದೂ ಇಲ್ಲ. ಹೆಸರಿಲ್ಲದ, ಚೀಟಿಯಿಲ್ಲದ ಪುಡಿಗೆ ಬೆಟ್ಟದ ಹೆಸರಿಟ್ಟರೆ ಅದು ಔಷಧವಾಗುವುದಿಲ್ಲ. ಆಯುರ್ವೇದ ಔಷಧ ತಯಾರಿಸಿ ಮಾರಲು ಪರವಾನಗಿ ಬೇಕು. ಡಬ್ಬದ ಮೇಲೆ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ, ಒಳಗಿನ ಪದಾರ್ಥಗಳ ಹೆಸರು ಇರಲೇಬೇಕು.

ಅಶೋಕದ ತೊಗಟೆಯ ವಿಷಯವನ್ನೂ ಇಲ್ಲೇ ಹೇಳುತ್ತೇನೆ, ಯಾಕೆಂದರೆ ಇನ್ನು ಸ್ವಲ್ಪ ದಿನಕ್ಕೆ ಯಾರಾದರೊಬ್ಬರು ನಿಮಗೆ ಅಶೋಕಾರಿಷ್ಟದ ಹೆಸರು ಹೇಳುತ್ತಾರೆ. ಅಶೋಕ ಮುಖ್ಯವಾಗಿ ಹೆಚ್ಚಾದ ಸ್ರಾವಕ್ಕೆ ಕೊಡುವ ಮದ್ದು. ಸ್ರಾವ ಸಹಜವಾಗಿದ್ದು ನೋವು ಮಾತ್ರ ಇರುವವರಿಗೆ ಅದು ಮೊದಲ ಆಯ್ಕೆಯಲ್ಲ. ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಹುಟ್ಟಿದ ಮದ್ಯಸಾರವೂ ಇರುತ್ತದೆ. ತೊಗಟೆಯನ್ನೇ ತಂದು ಕುದಿಸುವವರು ಇನ್ನೂ ಎಚ್ಚರದಿಂದಿರಬೇಕು. ನಮ್ಮ ಶಾಲೆ, ಕಚೇರಿಗಳ ಕಾಂಪೌಂಡಿನುದ್ದಕ್ಕೂ ನೆಟ್ಟಗೆ ಬೆಳೆದು ನಿಂತ, ಅಂಚು ಅಲೆಅಲೆಯಾದ ಉದ್ದೆಲೆಯ, ಹಸಿರು ಹೂವಿನ ಮರವನ್ನು ಎಲ್ಲರೂ ಅಶೋಕ ಎನ್ನುತ್ತಾರೆ. ಅದು ಔಷಧದ ಅಶೋಕವಲ್ಲ. ಔಷಧದ ಅಶೋಕ ಪಶ್ಚಿಮಘಟ್ಟದ ತೇವದ ಕಾಡಿನ ಮರ, ಕೊಂಬೆಗಳಿಗೆ ಅಂಟಿಕೊಂಡಂತೆ ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುತ್ತದೆ. ತೊಗಟೆಗಾಗಿ ಕಡಿದೂ ಕಡಿದೂ ಅದು ಅಪರೂಪವಾಗಿದೆ, ಆದ್ದರಿಂದಲೇ ಮಾರುಕಟ್ಟೆಯಲ್ಲಿ ಕಲಬೆರಕೆ ಹೆಚ್ಚು.

ಮಾತ್ರೆಯ ಭಯದ ಬಗ್ಗೆ. ಮುಟ್ಟಿನ ನೋವಿನ ಮಾತ್ರೆಯಿಂದ ಗರ್ಭಕೋಶ ಒಣಗುವುದಿಲ್ಲ. ತಿಂಗಳಿಗೆ ಎರಡು ಮೂರು ದಿನ ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯೂ ಇಲ್ಲ. ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಮೆಫೆನಮಿಕ್ ಆಮ್ಲ ಈ ಗುಂಪಿನವು. ಶುಂಠಿಯ ನಿಯಮವೇ ಇವಕ್ಕೂ: ನೋವು ಏರುವ ಮೊದಲು, ಊಟವಾದ ಮೇಲೆ, ವೈದ್ಯರು ಹೇಳಿದ ಅಳತೆಯಲ್ಲಿ, ಎರಡು ಮೂರು ದಿನ ಮಾತ್ರ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಇಂಥ ಮಾತ್ರೆಯಿಂದ ಉಬ್ಬಸ ಕೆರಳಿದ ಅನುಭವ ಇದ್ದರೆ ಇವು ಬೇಡ. ಮಳೆಗಾಲದ ಜ್ವರ ಬಂದಿದ್ದಾಗಲೂ ಬೇಡ, ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯವಿದೆ. ಮೆಫೆನಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು 2023ರ ಕೊನೆಯಲ್ಲಿ ಸರ್ಕಾರದ ಔಷಧ ಸುರಕ್ಷತಾ ಎಚ್ಚರಿಕೆಯೂ ಬಂದಿತ್ತು. ಮಾತ್ರೆ ತೆಗೆದುಕೊಂಡ ಕೆಲವು ವಾರಗಳೊಳಗೆ ಜ್ವರದ ಜೊತೆ ಮೈತುಂಬ ಗುಳ್ಳೆ ಎದ್ದರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಶುಂಠಿ, ಶಾಖ, ಮಾತ್ರೆ ಒಂದಕ್ಕೊಂದು ವೈರಿಗಳಲ್ಲ. ಪರೀಕ್ಷೆಯ ದಿನವೇ ಮುಟ್ಟಾದರೆ ಮೂರನ್ನೂ ಬಳಸಿ. ನಾನು ಆಯುರ್ವೇದದವಳಾಗಿಯೇ ಈ ಮಾತು ಹೇಳುತ್ತಿದ್ದೇನೆ. ಮಾತ್ರೆ ಬೇಡವೆಂದು ಹುಡುಗಿ ತಿಂಗಳಿಗೆ ಎರಡು ದಿನ ಪಾಠ ಕಳೆದುಕೊಳ್ಳುವುದು ಯಾವ ಶಾಸ್ತ್ರಕ್ಕೂ ಬೇಕಿಲ್ಲ. ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸ್ವಾಗತಿಸಬೇಕಾದದ್ದೇ, ಆದರೆ ರಜೆಯಿಂದ ನೋವು ವಾಸಿಯಾಗುವುದಿಲ್ಲ.

ಊಟದ ವಿಷಯ ಚುಟುಕಾಗಿ. ಭಾರತದಲ್ಲೇ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12ರಿಂದ 21 ವರ್ಷದ 556 ಹುಡುಗಿಯರಿಗೆ ಬಿ1 ಜೀವಸತ್ವವನ್ನು ದಿನಕ್ಕೆ 100 ಮಿಲಿಗ್ರಾಂನಂತೆ 90 ದಿನ ಕೊಟ್ಟಾಗ ಬಹುಪಾಲು ಹುಡುಗಿಯರ ನೋವು ಇಳಿದಿತ್ತು. ರಾಗಿಯಲ್ಲಿ ಬಿ1 ಇದೆ, ಮುದ್ದೆ ತಿಂದರೆ ಸಾಕು ಎನ್ನುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿರುವುದು ಅರ್ಧ ಮಿಲಿಗ್ರಾಂಗಿಂತಲೂ ಕಡಿಮೆ. ಮುದ್ದೆ, ಬಸ್ಸಾರು, ನುಗ್ಗೆಸೊಪ್ಪು ಮೈಗೆ ಒಳ್ಳೆಯವು, ಅವನ್ನು ಮದ್ದೆಂದು ಎಣಿಸಬೇಡಿ. ಬೆಲ್ಲದ ಚೂರಿನಿಂದ ರಕ್ತ ತುಂಬುವುದಿಲ್ಲ. ಕಬ್ಬಿಣಾಂಶಕ್ಕೆ ಸರ್ಕಾರದಿಂದ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದೆ, ಅದನ್ನು ತಪ್ಪಿಸದಿರಲಿ. ಉಳಿದ ದಿನಗಳಲ್ಲಿ, ವಾರಕ್ಕೆ ಮೂರು ಸಲವಾದರೂ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಲಿ. ವ್ಯಾಯಾಮ ರೂಢಿಯಾದವರಿಗೆ ಈ ನೋವು ಕಡಿಮೆ ಎಂಬುದಕ್ಕೆ ಆಧಾರವಿದೆ.

ಇಷ್ಟನ್ನೂ ಮೂರು ತಿಂಗಳು ಸರಿಯಾಗಿ ಮಾಡಿ. ಮುಟ್ಟಾದ ದಿನ, ನೋವು ಶುರುವಾದ ಹೊತ್ತು, ಕೊಟ್ಟ ಮದ್ದು, ತಪ್ಪಿದ ತರಗತಿ, ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಮಗಳೇ ಗುರುತು ಹಾಕಿಕೊಳ್ಳಲಿ. ಮೂರು ತಿಂಗಳಾದರೂ ನೋವು ಹತೋಟಿಗೆ ಬಾರದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿರಿ, ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೂ ಇದ್ದಾರೆ. ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುವುದು, ತಿಂಗಳಿಂದ ತಿಂಗಳಿಗೆ ನೋವು ಏರುತ್ತಲೇ ಹೋಗುವುದು, ಆ ದಿನಗಳಲ್ಲಿ ಮಲವಿಸರ್ಜನೆಗೆ ನೋವಾಗುವುದು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವ, ದೊಡ್ಡ ಹೆಪ್ಪುಗಳು ಕಂಡರೆ ಮೂರು ತಿಂಗಳೂ ಕಾಯಬೇಡಿ. ಜ್ವರ, ದುರ್ವಾಸನೆಯ ಸ್ರಾವ ಅಥವಾ ಒಂದೇ ಪಕ್ಕದಲ್ಲಿ ತಡೆಯಲಾರದ ನೋವು ಇದ್ದರೆ ಅದೇ ದಿನ ಹೋಗಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಹೆರಿಗೆಯ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಇದೆ. ಮುಟ್ಟಿನ ನೋವು ಎಲ್ಲರಿಗೂ ಇದ್ದದ್ದೇ ಎಂದು ಕಷಾಯದಲ್ಲೇ ವರ್ಷಗಳನ್ನು ಕಳೆಯುವುದರಿಂದ ಅದು ತಡವಾಗಿ ಪತ್ತೆಯಾಗುತ್ತದೆ.

ಮದುವೆಯಾಗದ ಹುಡುಗಿಯನ್ನು ಒಳಗಿನಿಂದ ಪರೀಕ್ಷಿಸುತ್ತಾರೆ ಎಂಬ ಅಳುಕಿನಿಂದ ಆಸ್ಪತ್ರೆಗೆ ಹೋಗದವರು ಬಹಳ. ಇಂಥ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ, ತಾಯಿಯಾಗಿ ನೀವು ಜೊತೆಗೆ ಇರಬಹುದು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಎಂಡೊಮೆಟ್ರಿಯೋಸಿಸ್ ಇರುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ನೋವು ಮುಂದುವರಿದರೆ ಮತ್ತೆ ಹೋಗಿ ಕೇಳಿ. ವೈದ್ಯರು ಕೆಲವು ತಿಂಗಳ ಮಟ್ಟಿಗೆ ಹಾರ್ಮೋನಿನ ಮಾತ್ರೆ ಬರೆದುಕೊಟ್ಟರೆ ಅದು ಗರ್ಭನಿರೋಧಕ ಮಾತ್ರೆಯಲ್ಲವೇ ಎಂದು ಗಾಬರಿಯಾಗಬೇಡಿ. ಅದು ಒಳಪದರ ದಪ್ಪಗಾಗದಂತೆ ನೋಡಿಕೊಂಡು ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ನಿಲ್ಲಿಸಿದ ಮೇಲೆ ಗರ್ಭ ಧರಿಸುವ ಶಕ್ತಿ ಮರಳುತ್ತದೆ. ಮನೆತನದಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಮಗಳಿಗೆ ಕಣ್ಣು ಮಂಜಾಗಿ ಬರುವ ಅರೆತಲೆನೋವು ಇದ್ದರೆ, ಆ ಮಾತ್ರೆ ಬರೆಯುವ ಮುನ್ನವೇ ವೈದ್ಯರಿಗೆ ತಿಳಿಸಿ.